ಶತ್ರುವಿನ ಗಾಯಕ್ಕೆ ಮದ್ದು ಹಾಕುವಾಗ ಕೈ ನಡುಗುವುದಿಲ್ಲವೇ?

ಸೇನೆಯಲ್ಲಿ ನರ್ಸ್ ಆಗಿದ್ದೆ ಎಂದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ನಿಮ್ಮವರನ್ನು ಕೊಂದವನೇ ನಿಮ್ಮ ಮುಂದೆ ಸ್ಟ್ರೆಚರ್ ಮೇಲೆ ನರಳುತ್ತಿದ್ದರೆ ಅವನಿಗೆ ಹೇಗೆ ಶುಶ್ರೂಷೆ ಮಾಡುತ್ತೀರಿ? ಕೈ ನಡುಗುವುದಿಲ್ಲವೇ? ನರ್ಸಿಂಗ್ ವಿದ್ಯಾರ್ಥಿಗಳು ಕೇಳುತ್ತಾರೆ, ಹೊಸದಾಗಿ ಪರಿಚಯವಾದವರು ಕೇಳುತ್ತಾರೆ, ಒಮ್ಮೆ ಹಲ್ಲು ಕೀಳುತ್ತಿದ್ದ ದಂತವೈದ್ಯರೂ ಕೇಳಿದ್ದರು. ನಾನು ಉತ್ತರ ಕೊಡುವ ಸ್ಥಿತಿಯಲ್ಲಿ ಇರಲಿಲ್ಲ.

ಉತ್ತರ ಕೇಳಿದವರಲ್ಲಿ ಹೆಚ್ಚಿನವರಿಗೆ ನಿರಾಸೆಯಾಗುತ್ತದೆ. ಇಲ್ಲ, ಅಲ್ಲಿ ಕೈ ನಡುಗುವುದಿಲ್ಲ. ನಡುಗುವ ಜಾಗಗಳು ಬೇರೆ ಇವೆ, ಅವುಗಳ ಬಗ್ಗೆ ಕೇಳುವವರು ಕಡಿಮೆ. ನಾನು ಎಲ್ಲಿ, ಯಾವಾಗ ಕೆಲಸ ಮಾಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಹಾಸಿಗೆಗಳ ಮೇಲೆ ಮಲಗಿದ್ದವರ ಮನೆಯವರು ಇದನ್ನು ಓದಬಹುದು. ನಾನು ಹೇಳಬೇಕಾದ ಸಂಗತಿ ಯಾವ ಸೇನೆಗೂ ಹೊಸದಲ್ಲ, ಹಾಗಾಗಿ ಊರಿನ ಹೆಸರಿನ ಅಗತ್ಯವೂ ಇಲ್ಲ.

ಶತ್ರುವಿನ ಮಾತನ್ನು ಮೊದಲು ಮುಗಿಸುತ್ತೇನೆ. 1859ರ ಜೂನ್ 24ರಂದು ಇಟಲಿಯ ಸೊಲ್ಫೆರಿನೊದಲ್ಲಿ ಫ್ರಾನ್ಸ್ ಮತ್ತು ಸಾರ್ಡಿನಿಯಾದ ಸೈನ್ಯಗಳು ಒಂದು ಕಡೆ, ಆಸ್ಟ್ರಿಯಾದ ಸೈನ್ಯ ಇನ್ನೊಂದು ಕಡೆ ನಿಂತು ಕಾದಾಡಿದವು. ಸಾವಿರಾರು ಗಾಯಾಳುಗಳು ಬಿದ್ದಲ್ಲೇ ಬಿದ್ದಿದ್ದರು. ವ್ಯಾಪಾರದ ಕೆಲಸಕ್ಕೆಂದು ಅತ್ತ ಹೋಗಿದ್ದ ಜಿನೀವಾದ ಹೆನ್ರಿ ಡ್ಯುನಾಂಟ್ ಅವರು ಹತ್ತಿರದ ಕಾಸ್ಟಿಲಿಯೋನೆಯ ಹೆಂಗಸರ ಜೊತೆ ಸೇರಿ, ಯಾವ ಸಮವಸ್ತ್ರ ಎಂದು ನೋಡದೆ, ನೀರು ಕುಡಿಸಿದರು, ಗಾಯ ಕಟ್ಟಿದರು. ಅದರಿಂದ ರೆಡ್ ಕ್ರಾಸ್ ಹುಟ್ಟಿತು, 1864ರಲ್ಲಿ ಮೊದಲ ಜಿನೀವಾ ಒಪ್ಪಂದ ಬಂತು. 1949ರ ಮೊದಲನೇ ಜಿನೀವಾ ಒಪ್ಪಂದದ 12ನೇ ವಿಧಿಯಲ್ಲಿ ನಮ್ಮ ಕೆಲಸಕ್ಕೆ ಬೇಕಾದ ನಿಯಮವಿದೆ: ಯಾರಿಗೆ ಮೊದಲು ಚಿಕಿತ್ಸೆ ಎಂಬುದನ್ನು ತುರ್ತು ವೈದ್ಯಕೀಯ ಕಾರಣಗಳು ಮಾತ್ರ ತೀರ್ಮಾನಿಸಬೇಕು.

ಗುಂಡೇಟು ತಿಂದು ಬಂದವನ ಬಟ್ಟೆಯನ್ನು ಕತ್ತರಿಸಿ ತೆಗೆಯುವಾಗ ಈ ನಿಯಮ ಎಷ್ಟು ದೊಡ್ಡ ಉಪಕಾರ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಇವನಿಗೆ ಚಿಕಿತ್ಸೆ ಕೊಡಬೇಕೇ ಬೇಡವೇ ಎಂದು ನಾನು ಯೋಚಿಸಬೇಕಾಗಿಲ್ಲ. ಆ ತೀರ್ಮಾನವನ್ನು ನನ್ನ ಪರವಾಗಿ ಬಹಳ ಹಿಂದೆಯೇ ಯಾರೋ ಮಾಡಿಟ್ಟಿದ್ದಾರೆ. ಸಿಟ್ಟು ಬರುವುದಿಲ್ಲ ಎಂದಲ್ಲ. ಪಕ್ಕದ ಮೇಜಿನ ಮೇಲೆ ನಮ್ಮ ಹುಡುಗ ಆಗಷ್ಟೇ ಹೋಗಿದ್ದರೆ ಹೊಟ್ಟೆಯಲ್ಲಿ ಬೆಂಕಿ ಇದ್ದೇ ಇರುತ್ತದೆ. ಆದರೆ ಸಿಟ್ಟಿದ್ದರೂ ಸೂಜಿ ನರಕ್ಕೆ ಹೋಗುತ್ತದೆ. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟನ್ನಿನ ಸೇನಾ ವೈದ್ಯ ರಿಕ್ ಜಾಲಿ ಅವರು ಏಜಾಕ್ಸ್ ಬೇ ಎಂಬಲ್ಲಿ ಹಳೆಯ ಮಾಂಸ ಶೈತ್ಯಾಗಾರವೊಂದರಲ್ಲಿ ಆಸ್ಪತ್ರೆ ನಡೆಸಿದರು. ಆ ಕಟ್ಟಡದೊಳಗೆ ಸಿಡಿಯದ ಬಾಂಬುಗಳು ಬಿದ್ದಿದ್ದವು. ಬ್ರಿಟಿಷರು, ಅರ್ಜೆಂಟೀನಾದವರು ಇಬ್ಬರಿಗೂ ಅಲ್ಲೇ ಶಸ್ತ್ರಚಿಕಿತ್ಸೆ ನಡೆಯಿತು. ಮುಂದೆ ಎರಡೂ ದೇಶಗಳು ಅವರನ್ನು ಗೌರವಿಸಿದವು. ಇಂಥದ್ದನ್ನು ಓದಿ ನಮ್ಮವರು ಅಚ್ಚರಿಪಡುವುದಿಲ್ಲ, ಮತ್ತೇನು ಮಾಡಬೇಕಿತ್ತು ಎನ್ನುತ್ತಾರೆ.

ಇನ್ನು ಕೈ ನಡುಗುವ ಜಾಗಗಳಿಗೆ ಬರುತ್ತೇನೆ.

ಮೊದಲನೆಯದು ನಮ್ಮವನನ್ನೇ ಗುಣಪಡಿಸುವುದು. ಸಾಮಾನ್ಯ ಆಸ್ಪತ್ರೆಯಲ್ಲಿ ರೋಗಿ ಎದ್ದು ನಡೆದರೆ ಅದು ಸಂತೋಷದ ದಿನ. ಸೇನಾ ಆಸ್ಪತ್ರೆಯಲ್ಲಿ ಎದ್ದು ನಡೆದವನು ವಾಪಸ್ ಹೋಗುವುದು ಗುಂಡು ಹಾರುವಲ್ಲಿಗೆ. ಸೇನಾ ವೈದ್ಯಕೀಯ ವಿಭಾಗ ಇರುವುದೇ ಹೋರಾಡುವ ಬಲವನ್ನು ಕಾಪಾಡಲು. ಅಮೆರಿಕದ ಸೇನೆಯಂತೂ ಅದನ್ನೇ ತನ್ನ ವೈದ್ಯಕೀಯ ವಿಭಾಗದ ಧ್ಯೇಯವಾಕ್ಯ ಮಾಡಿಕೊಂಡಿದೆ. ಇದರಲ್ಲಿ ಮುಚ್ಚುಮರೆಯೇನೂ ಇಲ್ಲ, ಸೇರುವಾಗಲೇ ಹೇಳುತ್ತಾರೆ. ಆದರೆ ರಾತ್ರಿ ಪಾಳಿಯಲ್ಲಿ ಇಪ್ಪತ್ತರ ಹುಡುಗನೊಬ್ಬ ಹೊಲಿಗೆ ತೋರಿಸಿ, "ಇದು ಇನ್ನೂ ಸ್ವಲ್ಪ ಒದ್ದೆ ಇದೆ ಅಲ್ಲವೇ ಸಿಸ್ಟರ್?" ಎಂದು ಕೇಳಿದಾಗ ಆ ಧ್ಯೇಯವಾಕ್ಯ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಯ ಒಣಗಿದೆ ಎಂದು ಇಬ್ಬರಿಗೂ ಗೊತ್ತು. ಚಾರ್ಟಿನಲ್ಲಿ "ಒಣಗಿದೆ" ಎಂದು ಬರೆಯುವವರು ನಾವು. ಇನ್ನೂ ಒಸರುತ್ತಿದೆ ಎಂದು ಬರೆದರೆ ಅವನಿಗೆ ಒಂದೆರಡು ವಾರ ಸಿಗುತ್ತದೆ, ಅವನ ಜಾಗಕ್ಕೆ ಇನ್ನೊಬ್ಬ ಹೋಗುತ್ತಾನೆ. ಆ ಇನ್ನೊಬ್ಬನೂ ಯಾರದೋ ಮಗನೇ.

ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆಯ ರಣರಂಗದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದ ಅಮೆರಿಕದ ನರ್ಸ್ ಎಲೆನ್ ಲಾ ಮೋಟ್ ಅವರು ಈ ಸಂಕಟವನ್ನು ಅದರ ತುತ್ತತುದಿಯಲ್ಲಿ ಬರೆದಿಟ್ಟರು. ಯುದ್ಧ ಸಾಕಾಗಿ ತನಗೆ ತಾನೇ ಗುಂಡು ಹಾರಿಸಿಕೊಂಡ ಸೈನಿಕನೊಬ್ಬ ಆಸ್ಪತ್ರೆಗೆ ಬರುತ್ತಾನೆ. ಅವನನ್ನು ಕಷ್ಟಪಟ್ಟು ಬದುಕಿಸಬೇಕು. ಯಾಕೆಂದರೆ ಅವನ ಮೇಲೆ ವಿಚಾರಣೆ ನಡೆಸಿ, ಗೋಡೆಗೆ ನಿಲ್ಲಿಸಿ ಗುಂಡಿಕ್ಕಬೇಕು. ಅಲ್ಲಿಯವರೆಗೆ ಅವನ ಡ್ರೆಸ್ಸಿಂಗ್ ಬದಲಿಸುವವಳು ನರ್ಸ್. 1916ರಲ್ಲಿ ಪ್ರಕಟವಾದ ಆ ಬರಹಗಳನ್ನು ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ, 1918ರಲ್ಲಿ, ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ರಕ್ತದ ವರ್ಣನೆ ಯಾರಿಗೂ ತೊಂದರೆ ಕೊಡುವುದಿಲ್ಲ. ಈ ಶುಶ್ರೂಷೆ ಯಾತಕ್ಕಾಗಿ ಎಂಬ ಪ್ರಶ್ನೆ ತೊಂದರೆ ಕೊಡುತ್ತದೆ.

ಎರಡನೆಯ ಜಾಗ ಮೆಡಿಕ್‌ಗಳದು, ಅವರ ಕಥೆ ನಮ್ಮದಕ್ಕಿಂತ ಬೇರೆ. ತುಕಡಿಯ ಜೊತೆಗೇ ನಡೆಯುವ ವೈದ್ಯಕೀಯ ಸಹಾಯಕ ಅವನು. ಅವರ ಜೊತೆಯೇ ಉಣ್ಣುತ್ತಾನೆ, ಅವರ ಪಕ್ಕದಲ್ಲೇ ಮಲಗುತ್ತಾನೆ. ಯಾರಿಗೆ ಯಾವ ಔಷಧ ಆಗಿಬರುವುದಿಲ್ಲ ಎಂಬುದು ಅವನಿಗೆ ಬಾಯಿಪಾಠ. ನಮ್ಮ ಬಳಿ ಬರುವಷ್ಟರಲ್ಲಿ ಗಾಯಾಳು ಅಪರಿಚಿತ, ಮೆಡಿಕ್‌ಗೆ ಅವನು ಗೆಳೆಯ. ಅಷ್ಟೇ ಅಲ್ಲ, ಮೆಡಿಕ್‌ನ ಕೈಯಲ್ಲಿ ಬಂದೂಕೂ ಇರುತ್ತದೆ. ತನ್ನನ್ನೂ ತನ್ನ ಗಾಯಾಳುಗಳನ್ನೂ ಕಾಯಲು ಆಯುಧ ಹಿಡಿಯಬಹುದು ಎಂದು ಜಿನೀವಾ ಒಪ್ಪಂದವೇ ಹೇಳುತ್ತದೆ. ಅದನ್ನು ಮೀರಿ ದಾಳಿಗೆ ಇಳಿದರೆ ಅವನಿಗಿರುವ ರಕ್ಷಣೆ ಹೋಗುತ್ತದೆ. ಕಾಗದದ ಮೇಲೆ ಈ ಗೆರೆ ಸ್ಪಷ್ಟವಾಗಿದೆ, ಗುಂಡಿನ ಮಳೆಯಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

1996ರಿಂದ ಈಚೆಗೆ ಹಲವು ಸೇನೆಗಳಿಗೆ ಹರಡಿದ ರಣರಂಗ ಚಿಕಿತ್ಸೆಯ ಪದ್ಧತಿಯಲ್ಲಿ ಮೊದಲ ಪಾಠವೇ ಇದು: ಗುಂಡು ಹಾರುತ್ತಿರುವಾಗ ಅತ್ಯುತ್ತಮ ಔಷಧವೆಂದರೆ ತಿರುಗಿ ಗುಂಡು ಹಾರಿಸಿ ಎದುರಾಳಿಯನ್ನು ಅಡಗಿಸುವುದು. ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಅದನ್ನು ತಡೆಯುವ ಟೂರ್ನಿಕೆಟ್ ಎಂಬ ಪಟ್ಟಿ ಬಿಗಿಯುವುದು ಬಿಟ್ಟು ಮಿಕ್ಕ ಚಿಕಿತ್ಸೆಯೆಲ್ಲ ಆಮೇಲೆ. ಈ ಪದ್ಧತಿ ಬಹಳ ಜೀವಗಳನ್ನು ಉಳಿಸಿದೆ, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಗಾಯಾಳುವಿನ ಕಡೆಗೆ ಓಡಿದ ಮೆಡಿಕ್ ತಾನೂ ಬಿದ್ದರೆ ಎರಡು ಹೆಣ, ಮೇಲೆ ಚಿಕಿತ್ಸೆಗೆ ಯಾರೂ ಇಲ್ಲ. ಆದರೆ ಮೆಡಿಕ್ ಒಬ್ಬ ನನ್ನ ಮುಂದೆ ಕುಳಿತು ಹೇಳಿದ ಮಾತು ಹೀಗಿತ್ತು: "ಅವನು ನನ್ನ ಹೆಸರು ಹಿಡಿದು ಕೂಗುತ್ತಿದ್ದ ಸಿಸ್ಟರ್. ನಾನು ಟ್ರಿಗರ್ ಒತ್ತುತ್ತಲೇ ಇದ್ದೆ." ಅವನು ಮಾಡಿದ್ದು ಸರಿ ಎಂದು ಅವನ ಮೇಲಧಿಕಾರಿ ಹೇಳಿದರು, ಕೈಪಿಡಿ ಹೇಳಿತು, ನಾನೂ ಹೇಳಿದೆ. ಅವನಿಗೂ ಅದು ಗೊತ್ತಿತ್ತು. ಸರಿಯಾದದ್ದನ್ನೇ ಮಾಡಿದವನಿಗೆ ಸಮಾಧಾನ ಹೇಳುವುದು ತಪ್ಪು ಮಾಡಿದವನಿಗೆ ಹೇಳುವುದಕ್ಕಿಂತ ಕಷ್ಟ. ತಪ್ಪಾಗಿದ್ದರೆ ಕ್ಷಮೆಯಾದರೂ ಇರುತ್ತದೆ.

ಮೂರನೆಯದು ಸಾಲು ಹಾಕುವ ಕೆಲಸ. ಒಟ್ಟಿಗೆ ಬಹಳ ಗಾಯಾಳುಗಳು ಬಂದಾಗ ಯಾರನ್ನು ಮೊದಲು ನೋಡಬೇಕು ಎಂದು ವಿಂಗಡಿಸುವುದನ್ನು ಟ್ರಯಾಜ್ ಎನ್ನುತ್ತಾರೆ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲಾರೆ ಅವರು ದರ್ಜೆ ನೋಡದೆ ಗಾಯದ ತೀವ್ರತೆ ನೋಡಿ ಚಿಕಿತ್ಸೆ ಕೊಡುವ ಕ್ರಮವನ್ನು ರೂಢಿಗೆ ತಂದರು. ಇಂದಿನ ಕ್ರಮದಲ್ಲಿ ನಾಲ್ಕು ಗುಂಪುಗಳಿವೆ: ತಕ್ಷಣ ನೋಡಬೇಕಾದವರು, ಸ್ವಲ್ಪ ಕಾಯಬಲ್ಲವರು, ಸಣ್ಣ ಗಾಯದವರು. ನಾಲ್ಕನೆಯ ಗುಂಪಿನಲ್ಲಿರುವುದು ಇರುವಷ್ಟು ಕೈಗಳಲ್ಲಿ, ಇರುವಷ್ಟು ರಕ್ತದಲ್ಲಿ ಉಳಿಸಲು ಆಗದವರು. ಅವರನ್ನು ಒಂದು ಬದಿಗೆ ಮಲಗಿಸುತ್ತಾರೆ. ಮಾರ್ಫಿನ್ ಕೊಡುತ್ತಾರೆ. ಕೊಟ್ಟಿದ್ದೇವೆ ಎಂಬುದಕ್ಕೆ ಹಣೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗುರುತು, ಪಕ್ಕದಲ್ಲಿ ಹೊತ್ತು. ಗಾಬರಿಯಲ್ಲಿ ಇನ್ನೊಬ್ಬರು ಬಂದು ಮತ್ತೊಮ್ಮೆ ಕೊಡಬಾರದಲ್ಲ.

ಆ ಬದಿಯ ಕೆಲಸ ಸಾಮಾನ್ಯವಾಗಿ ನರ್ಸಿನ ಪಾಲಿಗೆ ಬರುತ್ತದೆ. ಮಾಡಲು ಹೆಚ್ಚೇನೂ ಇರುವುದಿಲ್ಲ, ಅದೇ ಅದರ ಕಷ್ಟ. ಕಾಲಿನ ಬೂಟು ಕತ್ತರಿಸಿ ತೆಗೆದು, ಜೇಬಿನಲ್ಲಿರುವುದನ್ನೆಲ್ಲ ಹೊರಗಿಟ್ಟು ಪಟ್ಟಿ ಮಾಡಬೇಕು. ಮೊದಲು ಸ್ಫೋಟಕ ಏನಾದರೂ ಇದೆಯೇ ಎಂದು ನೋಡಬೇಕು, ಆಮೇಲೆ ಉಳಿದದ್ದು. ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಒಂದು ಹೆಚ್ಚುವರಿ ಬೂಟಿನ ದಾರ, ಕಡ್ಡಿ ಮುರಿದು ನೂಲಿನಲ್ಲಿ ಕಟ್ಟಿದ ಓದುವ ಕನ್ನಡಕ. ಇವನಿಗೆ ಈ ವಯಸ್ಸಿಗೇ ಓದುವ ಕನ್ನಡಕ ಯಾಕೆ ಬಂತು ಎಂದು ಮನಸ್ಸಿಗೆ ಬಂದದ್ದೇ ತಡ, ಅಲ್ಲಿಯವರೆಗೆ ಗಾಯವಾಗಿದ್ದವನು ಮನುಷ್ಯನಾಗುತ್ತಾನೆ. ಹತ್ತು ಹೆಜ್ಜೆ ಆಚೆ ಶಸ್ತ್ರಚಿಕಿತ್ಸೆಯ ಮೇಜು ಖಾಲಿಯಾಗುವುದು ಕಾಣಿಸುತ್ತದೆ. ಈಗ ಇವನನ್ನು ಎತ್ತಿ ಅಲ್ಲಿಡಬಹುದಲ್ಲ ಅನ್ನಿಸುತ್ತದೆ. ಕೆಲವೊಮ್ಮೆ ಹಾಗೆ ಮಾಡುವುದೂ ಉಂಟು, ಒಳ್ಳೆಯ ತಂಡಗಳು ಈ ಗುಂಪಿನವರನ್ನು ಮತ್ತೆ ಮತ್ತೆ ನೋಡಿ ತೀರ್ಮಾನ ಬದಲಿಸುತ್ತವೆ. ಆದರೆ ಅಷ್ಟರಲ್ಲಿ ಇನ್ನೊಂದು ಹೆಲಿಕಾಪ್ಟರ್ ಇಳಿಯುವ ಸದ್ದು ಕೇಳಿಸಿದರೆ ಆ ಮೇಜು ಬರುವವನದು.

ನಾಲ್ಕನೆಯದನ್ನು ಹೇಳುವಾಗ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ವಿದೇಶಿ ಸೇನೆಗಳ ಆಸ್ಪತ್ರೆಗಳು ಯಾರನ್ನು ಸೇರಿಸಿಕೊಳ್ಳಬೇಕು ಎಂಬುದಕ್ಕೆ ಲಿಖಿತ ನಿಯಮಗಳಿದ್ದವು. ಸ್ಥಳೀಯ ನಾಗರಿಕರನ್ನು ಜೀವ, ಕೈಕಾಲು ಅಥವಾ ಕಣ್ಣು ಹೋಗುವ ಅಪಾಯವಿದ್ದರೆ ಮಾತ್ರ ಸೇರಿಸಿಕೊಳ್ಳಬೇಕು, ಸ್ಥಿತಿ ಸ್ಥಿರವಾದ ಕೂಡಲೇ ಸ್ಥಳೀಯ ಆಸ್ಪತ್ರೆಗೆ ಕಳಿಸಬೇಕು. ಕಾರಣ ಅರ್ಥವಾಗುವಂಥದ್ದೇ. ಹಾಸಿಗೆಗಳು ತುಂಬಿದ್ದರೆ ನಾಳೆ ಬರುವ ಸೈನಿಕನನ್ನು ಎಲ್ಲಿ ಮಲಗಿಸುವುದು? ಆದರೆ ಸುಟ್ಟಗಾಯದ ಮಗುವನ್ನು ವೆಂಟಿಲೇಟರ್, ಚರ್ಮದ ಕಸಿ, ದಿನಕ್ಕೆರಡು ಡ್ರೆಸ್ಸಿಂಗ್ ಎಂದು ಬದುಕಿಸಿ, ಆಮೇಲೆ ಅವು ಯಾವುವೂ ಇಲ್ಲದ ಕಡೆಗೆ ಕಳಿಸುವುದನ್ನು ಏನೆಂದು ಕರೆಯಬೇಕು? ಅಲ್ಲಿ ಕೆಲಸ ಮಾಡಿದ ನರ್ಸ್‌ಗಳು ಹೇಳಿಕೊಂಡ ಸಂಕಟಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಶತ್ರುವಿನ ವಿಷಯದಲ್ಲಿ ಕಾನೂನು ನಮ್ಮ ಹೊರೆ ಇಳಿಸುತ್ತದೆ ಎಂದೆನಲ್ಲ, ಇಲ್ಲಿ ನಿಯಮವೇ ಹೊರೆ. ಹಾಸಿಗೆ ಖಾಲಿ ಮಾಡಿಸುವ ಆದೇಶಕ್ಕೆ ಸಹಿ ಹಾಕಿದವರು ಆ ಮಗುವಿನ ಬ್ಯಾಂಡೇಜು ಬಿಚ್ಚಿದವರಲ್ಲ.

ಆದೇಶವೇ ತಪ್ಪಾಗಿದ್ದರೆ? ಉಪವಾಸ ನಿರತ ಕೈದಿಗೆ ಬಲವಂತವಾಗಿ ಆಹಾರ ತುರುಕಬಾರದು ಎಂದು ವಿಶ್ವ ವೈದ್ಯಕೀಯ ಸಂಘ 1975ರ ಟೋಕಿಯೊ ಘೋಷಣೆಯಲ್ಲೇ ಹೇಳಿದೆ. ಆದರೂ ಅಮೆರಿಕದ ಗ್ವಾಂಟನಾಮೊ ಸೆರೆಶಿಬಿರದಲ್ಲಿ ಮೂಗಿನ ಮೂಲಕ ನಳಿಕೆ ಇಳಿಸಿ ಆಹಾರ ಕೊಡುವುದು ನಡೆದಿತ್ತು. 2014ರಲ್ಲಿ ಅಮೆರಿಕದ ನೌಕಾಪಡೆಯ ನರ್ಸ್ ಅಧಿಕಾರಿಯೊಬ್ಬರು ಇನ್ನು ನನ್ನಿಂದಾಗದು ಎಂದರು. ಅವರ ಮೇಲೆ ಶಿಸ್ತುಕ್ರಮದ ತೂಗುಗತ್ತಿ ಬಂತು, ಅಮೆರಿಕದ ನರ್ಸ್‌ಗಳ ಸಂಘ ಅವರ ಬೆನ್ನಿಗೆ ನಿಂತಿತು, ಕೊನೆಗೆ ಕ್ರಮ ಕೈಬಿಟ್ಟರು. ವೈದ್ಯಕೀಯ ನೀತಿಗೆ ವಿರುದ್ಧವಾದ ಕೆಲಸ ಮಾಡುವಂತೆ ಯಾರನ್ನೂ ಬಲವಂತಪಡಿಸಬಾರದು ಎಂದು ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಹೆಚ್ಚುವರಿ ಒಪ್ಪಂದ ಹೇಳುತ್ತದೆ. ಆ ಮಾತು ಇರುವುದು ದೊಡ್ಡದೇ. ಆದರೆ ಒಬ್ಬ ಲೆಫ್ಟಿನೆಂಟ್ ಕರ್ನಲ್ ಎದುರು ನಿಂತು ಆಗುವುದಿಲ್ಲ ಎನ್ನುವಾಗ ಕಿರಿಯ ನರ್ಸಿಗೆ ಆ ಒಪ್ಪಂದದ ವಿಧಿ ಸಂಖ್ಯೆ ನೆನಪಾಗುವುದಿಲ್ಲ, ಬಡ್ತಿ ನೆನಪಾಗುತ್ತದೆ, ಮನೆಯ ಸಾಲ ನೆನಪಾಗುತ್ತದೆ.

ಮನಸ್ಸಿನ ವಿಷಯ. ಯುದ್ಧದಿಂದ ಬಂದವರ ಮಾನಸಿಕ ತೊಂದರೆ ಎಂದರೆ ಜನರ ಕಣ್ಣಿಗೆ ಬರುವ ಚಿತ್ರ, ಪಟಾಕಿ ಸದ್ದಿಗೆ ಬೆಚ್ಚಿ ನೆಲಕ್ಕೆ ಬೀಳುವವನದು. ಅದು ಭಯದಿಂದ ಆಗುವ ಗಾಯ. ಆಘಾತದ ನಂತರದ ಈ ಕಾಯಿಲೆಗೆ 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಜಾಗ ಸಿಕ್ಕಿತು. ನಾನು ಇಷ್ಟು ಹೊತ್ತು ಹೇಳಿದ್ದು ಭಯದಿಂದ ಆದ ಗಾಯವಲ್ಲ. ವಿಯೆಟ್ನಾಂ ಯುದ್ಧದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಮನೋವೈದ್ಯ ಜೊನಾಥನ್ ಶೇ ಅವರು 1990ರ ದಶಕದಲ್ಲಿ ಇದನ್ನು ನೈತಿಕ ಗಾಯ ಎಂದು ಗುರುತಿಸಿದರು. ನರ್ಸಿಂಗ್ ಕ್ಷೇತ್ರದಲ್ಲಿ ಆಂಡ್ರ್ಯೂ ಜೇಮ್‌ಟನ್ ಎಂಬ ತತ್ತ್ವಶಾಸ್ತ್ರದ ವಿದ್ವಾಂಸರು 1984ರಲ್ಲೇ ಇದಕ್ಕೆ ಹತ್ತಿರದ ಮಾತು ಹೇಳಿದ್ದರು: ಏನು ಮಾಡಬೇಕೆಂದು ಗೊತ್ತಿದ್ದೂ ವ್ಯವಸ್ಥೆ ಮಾಡಲು ಬಿಡದಿದ್ದಾಗ ಆಗುವ ಸಂಕಟ. ಭಯಪಟ್ಟವನಿಗೆ ಈಗ ಅಪಾಯವಿಲ್ಲ ಎಂದು ಮನವರಿಕೆ ಮಾಡಿಕೊಡಬಹುದು. ಮನಸ್ಸಾಕ್ಷಿ ಚುಚ್ಚುವವನಿಗೆ ಅದರಿಂದ ಏನು ಪ್ರಯೋಜನ? ಅವನು ಅಪಾಯಕ್ಕೆ ಅಂಜಿ ಕುಳಿತವನಲ್ಲ.

ಈ ಗಾಯ ಹೊರಗೆ ಕಾಣುವ ಬಗೆಯೂ ಬೇರೆ. ಅಳು ಕಡಿಮೆ. ಪಾಳಿ ಮುಗಿದ ಮೇಲೂ ಔಷಧದ ಕಪಾಟನ್ನು ಮತ್ತೆ ಮತ್ತೆ ಎಣಿಸುವುದು ಕಾಣುತ್ತದೆ. ನಾಗರಿಕ ಆಸ್ಪತ್ರೆಗೆ ಸೇರಿದ ಮೇಲೆ, ಚಹಾ ತಣ್ಣಗಿದೆ ಎಂದು ದೂರುವ ರೋಗಿಯ ಮೇಲೆ ಕೆಂಡದಂಥ ಸಿಟ್ಟು ಬರುವುದು, ಆ ಸಿಟ್ಟಿಗೆ ತಾನೇ ನಾಚುವುದು ಕಾಣುತ್ತದೆ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಪದಕಗಳನ್ನು ಮನೆಯಲ್ಲಿ ಇಟ್ಟುಕೊಳ್ಳಲೇ ಇಲ್ಲ. ಯಾಕೆ ಎಂದರೆ ಮಾತು ಬದಲಿಸುತ್ತಿದ್ದರು. ಬಹಳ ವರ್ಷ ಈ ಹೆಂಗಸರನ್ನು ಯುದ್ಧಕ್ಕೆ ಹೋದವರು ಎಂದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ವಿಯೆಟ್ನಾಂಗೆ ಹೋದ ಅಮೆರಿಕದ ಮಹಿಳೆಯರಲ್ಲಿ ಹೆಚ್ಚಿನವರು ನರ್ಸ್‌ಗಳು, ಅವರಿಗೆಂದು ವಾಷಿಂಗ್ಟನ್ನಿನಲ್ಲಿ ಸ್ಮಾರಕ ಎದ್ದದ್ದು 1993ರಲ್ಲಿ. ಗುಂಡು ಹಾರಿಸದವರಿಗೆ ಯುದ್ಧದ ಗಾಯ ಎಲ್ಲಿಂದ ಎಂಬ ಭಾವನೆ ಇನ್ನೂ ಪೂರ್ತಿ ಹೋಗಿಲ್ಲ.

ಹಾಗಾದರೆ ಪರಿಹಾರ ಏನು ಎಂದು ಕೇಳುತ್ತಾರೆ. ಏನು ಕೆಲಸ ಮಾಡುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. "ನೀವು ವೀರರು" ಎನ್ನುವುದು ಕೆಲಸ ಮಾಡುವುದಿಲ್ಲ, ವೀರ ಎನಿಸಿಕೊಂಡವನು ತನ್ನ ಸಂಕಟವನ್ನು ಇನ್ನೂ ಆಳಕ್ಕೆ ಹೂಳುತ್ತಾನೆ. ದುರಂತ ನಡೆದ ಮರುದಿನ ಎಲ್ಲರನ್ನೂ ಕೂಡಿಸಿ ಒಂದೇ ಸಲ ಮನಸ್ಸು ಬಿಚ್ಚಿಸುವ ಕಡ್ಡಾಯ ಸಭೆಯೂ ಕೆಲಸ ಮಾಡುವುದಿಲ್ಲ. ಅಂಥ ಒಂದು ಬಾರಿಯ ಸಭೆ ಆಘಾತದ ಕಾಯಿಲೆಯನ್ನು ತಡೆಯುವುದಿಲ್ಲ ಎಂದು ಸಂಶೋಧನೆಗಳ ಪರಾಮರ್ಶೆಗಳೂ ಹೇಳಿವೆ. ಉಸಿರಾಟದ ತರಬೇತಿ, ಮನೋಬಲದ ತರಗತಿ ಇವುಗಳ ಬಗ್ಗೆ ನನಗೆ ದ್ವೇಷವಿಲ್ಲ. ಆದರೆ ತಪ್ಪು ಆದೇಶ ಕೊಟ್ಟು, ಅದನ್ನು ಹೊರಲು ಬೆನ್ನು ಗಟ್ಟಿ ಮಾಡಿಕೊಳ್ಳಿ ಎನ್ನುವುದು ನ್ಯಾಯವಲ್ಲ.

ಕೆಲಸ ಮಾಡುವುದನ್ನು ಕಂಡಿದ್ದೂ ಇದೆ. ಬ್ರಿಟನ್ನಿನ ರಾಯಲ್ ಮರೀನ್ಸ್ ರೂಪಿಸಿದ ಒಂದು ಕ್ರಮದಲ್ಲಿ, ತರಬೇತಿ ಪಡೆದ ಜೊತೆಗಾರರೇ ಘಟನೆಯ ಕೆಲ ದಿನಗಳ ನಂತರ, ಮತ್ತೆ ಸುಮಾರು ಒಂದು ತಿಂಗಳ ನಂತರ ಮಾತಾಡಿಸುತ್ತಾರೆ. ಎದುರಿಗಿರುವವನು ತನ್ನಂತೆಯೇ ಅಲ್ಲಿದ್ದವನು ಎಂಬುದು ಅರ್ಧ ಕೆಲಸ ಮಾಡುತ್ತದೆ. ಇನ್ನೊಂದು, ಗಾಯಾಳು ಏನಾದ ಎಂದು ತಿಳಿಸುವುದು. ನಮ್ಮ ಕೈಯಿಂದ ಹೋದವನು ಕೆಲವೇ ಗಂಟೆಗಳಲ್ಲಿ ರಣರಂಗದಿಂದ ಹಿಂದಕ್ಕಿರುವ ಆಸ್ಪತ್ರೆಗೆ, ಅಲ್ಲಿಂದ ವಿಮಾನದಲ್ಲಿ ಇನ್ನೆಲ್ಲಿಗೋ ಹೋಗಿರುತ್ತಾನೆ. ಬದುಕಿದನೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಇರಾಕ್, ಅಫ್ಘಾನಿಸ್ತಾನ ಯುದ್ಧಗಳ ಕಾಲದಲ್ಲಿ ಅಮೆರಿಕದ ಸೇನೆ ರಣರಂಗದ ಆಸ್ಪತ್ರೆಗಳು, ಜರ್ಮನಿಯ ಲಾಂಡ್‌ಸ್ಟೂಲ್ ಮತ್ತು ತಾಯ್ನಾಡಿನ ಆಸ್ಪತ್ರೆಗಳನ್ನು ಜೋಡಿಸಿ ವಾರಕ್ಕೊಮ್ಮೆ ದೂರದಿಂದಲೇ ಸಭೆ ನಡೆಸುತ್ತಿತ್ತು. ಚಿಕಿತ್ಸೆಯ ಗುಣಮಟ್ಟ ಸುಧಾರಿಸಲು ಮಾಡಿದ ಏರ್ಪಾಡು ಅದು. ಆದರೆ ತಾನು ಕಟ್ಟಿದ ಟೂರ್ನಿಕೆಟ್ಟಿನ ಕಾಲು ಈಗ ಹೇಗಿದೆ ಎಂದು ತಿಳಿದವನ ರಾತ್ರಿಗೂ ತಿಳಿಯದವನ ರಾತ್ರಿಗೂ ಎಷ್ಟು ವ್ಯತ್ಯಾಸವಿದೆ ಎಂದು ನಮ್ಮಲ್ಲಿ ಯಾರನ್ನಾದರೂ ಕೇಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ನನ್ನ ಲೆಕ್ಕದಲ್ಲಿ ಇದು: ತೀರ್ಮಾನಕ್ಕೆ ಒಡೆಯನಿರಬೇಕು. ನಾಲ್ಕನೆಯ ಗುಂಪಿಗೆ ಯಾರನ್ನು ಹಾಕಬೇಕು ಎಂಬುದನ್ನು ಹಿರಿಯ ವೈದ್ಯರೊಬ್ಬರು ಎಲ್ಲರ ಎದುರು ಗಟ್ಟಿಯಾಗಿ ಹೇಳಿ, ಆಮೇಲೆ ಆ ಬದಿಗೆ ತಾವೇ ಬಂದು ಒಂದು ನಿಮಿಷ ನಿಂತರೆ, ಅಲ್ಲಿ ಕೂತ ನರ್ಸಿನ ಹೆಗಲ ಮೇಲಿನ ಭಾರ ಇಬ್ಬರಿಗೆ ಹಂಚಿಹೋಗುತ್ತದೆ. ಅಂಥವರ ಕೈಕೆಳಗೆ ಕೆಲಸ ಮಾಡುವ ಪುಣ್ಯ ನನಗೆ ಸಿಕ್ಕಿತ್ತು. ಗಾಯಾಳುವಿಗೆ ಗುಂಪಿನ ಚೀಟಿ ಕಟ್ಟಿ ಕಣ್ಣು ತಪ್ಪಿಸಿ ಹೋಗುವವರ ಕೈಕೆಳಗೂ ಮಾಡಿದ್ದೇನೆ.

ಕೊನೆಯಲ್ಲಿ ಬರುವ ಪ್ರಶ್ನೆ ತಾಯಂದಿರದು: "ನನ್ನ ಮಗಳು ಸೇನಾ ನರ್ಸಿಂಗ್‌ಗೆ ಸೇರುತ್ತೇನೆ ಎನ್ನುತ್ತಿದ್ದಾಳೆ, ಕಳಿಸಲೇ?" ಕಳಿಸಿ ಎನ್ನುತ್ತೇನೆ. ನಾನು ಮಾಡಿದ ಕೆಲಸಗಳಲ್ಲಿ ಇಷ್ಟು ಬೆಲೆಯುಳ್ಳದ್ದು ಬೇರೆ ಇಲ್ಲ. ಸಂದರ್ಶನದ ಕೊನೆಗೆ ನಿಮ್ಮದೇನಾದರೂ ಪ್ರಶ್ನೆ ಇದೆಯೇ ಎಂದು ಕೇಳಿದಾಗ ಸುಮ್ಮನೆ ತಲೆಯಾಡಿಸಿ ಎದ್ದುಬರಬೇಡ ಎಂದು ಮಾತ್ರ ಅವಳಿಗೆ ಹೇಳಿ. ವಿಂಗಡಣೆಯ ತೀರ್ಮಾನ ಯಾರದು, ಅದು ಅವರ ಹೆಸರಿನಲ್ಲಿ ದಾಖಲಾಗುತ್ತದೆಯೇ ಎಂದು ಕೇಳಲಿ. ವೈದ್ಯಕೀಯ ನೀತಿಗೆ ವಿರುದ್ಧವಾದ ಆದೇಶ ಬಂದರೆ ಆ ಅಧಿಕಾರಿಯನ್ನು ದಾಟಿ ಯಾರ ಬಳಿ ಹೋಗಬಹುದು ಎಂದು ಕೇಳಲಿ. ಮನೋವೈದ್ಯರ ಬಳಿ ಹೋದರೆ ಅದರ ಕಡತ ಕಮಾಂಡರ್ ಮೇಜಿಗೆ ಹೋಗುತ್ತದೆಯೇ ಎಂಬುದನ್ನೂ ಕೇಳಲಿ, ಉತ್ತರ ಕೊಡುವವರ ಮುಖವನ್ನು ನೋಡಿಕೊಂಡು.